ಡಿಕ್ಕಿ ತಪ್ಪಿಸುವ ವಿದ್ಯೆ ಬಾಯಿಪಾಠಕ್ಕೆ ಬರುವುದಿಲ್ಲ: ಮೈಸೂರು–ಮಂಡ್ಯದ ಮರ್ಚೆಂಟ್ ನೇವಿ ತರಬೇತಿ ಸಂಸ್ಥೆಗಳಿಗೆ ಬಹಿರಂಗ ಪತ್ರ

ಗೆ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಮರ್ಚೆಂಟ್ ನೇವಿ ಪ್ರವೇಶ ತರಬೇತಿ ನಡೆಸುತ್ತಿರುವ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಬೋಧಕರಿಗೆ

ವಿಷಯ: ಸಮುದ್ರ ಸಂಚಾರ ನಿಯಮಗಳ ಬೋಧನೆಯಲ್ಲಿನ ಲೋಪಗಳು ಮತ್ತು ನಮ್ಮ ಕೋರಿಕೆಗಳು

ಮಾನ್ಯರೇ,

ನಮ್ಮ ಎರಡೂ ಜಿಲ್ಲೆಗಳಿಗೆ ಕಡಲಿಲ್ಲ. ಹಡಗು ನೋಡಬೇಕೆಂದರೆ ಘಟ್ಟ ಇಳಿದು ಪಣಂಬೂರಿಗೇ ಹೋಗಬೇಕು. ಆದರೂ ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ, ತಿ. ನರಸೀಪುರ ಕಡೆಯ ಹುಡುಗರು ಡೆಕ್ ಕ್ಯಾಡೆಟ್ (ಹಡಗು ನಡೆಸುವ ವಿಭಾಗದ ತರಬೇತಿ ಅಧಿಕಾರಿ) ಆಗಲು, ಜಿಪಿ ರೇಟಿಂಗ್ (ಹಡಗಿನ ಸಾಮಾನ್ಯ ನಾವಿಕ) ಆಗಲು ನಿಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಇದರಲ್ಲಿ ನಮಗೆ ಸಂತೋಷವೇ ಇದೆ. ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ ವಾಚ್, ಅಂದರೆ ಪಾಳಿಯ ಕರ್ತವ್ಯ, ಮಾಡಿ ನಿವೃತ್ತರಾಗಿ ಈಗ ಮೈಸೂರಿನಲ್ಲಿ ನೆಲೆಸಿರುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಯಾವ ಸಂಸ್ಥೆಯನ್ನೂ ಹೆಸರಿಸಿ ದೂರುವ ಉದ್ದೇಶವಿಲ್ಲ. ತಪ್ಪು ಒಬ್ಬಿಬ್ಬರದಾಗಿದ್ದರೆ ಅವರನ್ನೇ ಕಂಡು ಹೇಳುತ್ತಿದ್ದೆವು.

ಐಎಂಯು (ಭಾರತೀಯ ಸಾಗರ ವಿಶ್ವವಿದ್ಯಾಲಯ) ಪ್ರವೇಶ ಪರೀಕ್ಷೆಯಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಇಂಗ್ಲಿಷ್, ಜನರಲ್ ಆಪ್ಟಿಟ್ಯೂಡ್ ಕೇಳುತ್ತಾರೆಯೇ ಹೊರತು ಸಮುದ್ರ ಸಂಚಾರ ನಿಯಮಗಳನ್ನಲ್ಲ. ಆದರೆ ಹಡಗು ಕಂಪನಿಗಳ ಸಂದರ್ಶನದಲ್ಲಿ ಅವು ಬರಬಹುದೆಂದು ನೀವು ಪ್ರತ್ಯೇಕ ತರಗತಿ ಇಟ್ಟಿದ್ದೀರಿ, ಅದಕ್ಕೆ ಪ್ರತ್ಯೇಕ ಶುಲ್ಕವನ್ನೂ ಪಡೆಯುತ್ತೀರಿ. ಆ ತರಗತಿಯ ನೋಟ್ಸ್ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳನ್ನು ಹುಡುಗರೇ ನಮಗೆ ತಂದು ತೋರಿಸಿದ್ದಾರೆ. ನಾಲ್ಕು ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಲಗಡೆಯಿಂದ ಅಡ್ಡ ಬರುವ ಹಡಗಿಗೆ ನಾವು ದಾರಿ ಬಿಡಬೇಕು, ಎಡಗಡೆಯಿಂದ ಬರುವುದು ನಮಗೆ ಬಿಡುತ್ತದೆ, ಆಗ ನಾವು ಸುಮ್ಮನಿರಬೇಕು ಎಂಬುದು ಮೊದಲನೆಯದು. ಸಣ್ಣ ದೋಣಿ ದೊಡ್ಡ ಹಡಗಿಗೆ ದಾರಿ ಬಿಡಬೇಕು ಎಂಬುದು ಎರಡನೆಯದು. ಅನುಮಾನ ಬಂದರೆ ವಿಎಚ್‌ಎಫ್ ರೇಡಿಯೋದಲ್ಲಿ ಮಾತಾಡಿಕೊಂಡು ತೀರ್ಮಾನಿಸಬೇಕು. ಆರ್ಪಾ (ರಡಾರಿನಲ್ಲಿ ಕಂಡ ಹಡಗುಗಳ ಚಲನೆ ಲೆಕ್ಕ ಹಾಕುವ ಯಂತ್ರ) ಪರದೆ ತೋರಿಸುವ ಸಿಪಿಎ, ಅಂದರೆ ಎರಡು ಹಡಗು ಹಾಯುವಾಗಿನ ಅತಿ ಕಡಿಮೆ ಅಂತರದ ಅಂಕಿಯೇ ಅಂತಿಮ. ಇವುಗಳಲ್ಲಿ ಮೊದಲನೆಯದು ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು, ಉಳಿದೆರಡನ್ನು ನಂಬಿದವನು ಇವತ್ತಲ್ಲ ನಾಳೆ ಹಡಗನ್ನು ಅಪಾಯಕ್ಕೆ ತಳ್ಳುತ್ತಾನೆ.

ಈಗ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು 1972ರಲ್ಲಿ ಒಪ್ಪಿತವಾಗಿ 1977ರ ಜುಲೈ 15ರಿಂದ ಜಾರಿಗೆ ಬಂದವು. ಯಾರು ದಾರಿ ಬಿಡಬೇಕು ಎಂಬುದನ್ನು ಅವು ಖಚಿತವಾಗಿ ಹೇಳುತ್ತವೆ. ಎಷ್ಟು ದೂರದಲ್ಲಿ ಬಿಡಬೇಕು, ಎಷ್ಟು ಡಿಗ್ರಿ ತಿರುಗಬೇಕು ಎಂಬುದಕ್ಕೆ ಎಲ್ಲಿಯೂ ಅಂಕಿ ಕೊಡುವುದಿಲ್ಲ. ‘ಸಾಕಷ್ಟು ಮುಂಚೆ’, ‘ಎದುರಿನವನ ಕಣ್ಣಿಗೆ ಬೀಳುವಷ್ಟು’ ಎಂದು ಬಿಡುತ್ತವೆ. ಅಂಕಿ ಬಿಟ್ಟಿರುವುದು ಮರೆವಿನಿಂದಲ್ಲ. 20 ಮೀಟರ್‌ನ ಟಗ್ಗಿಗೂ (ಬೇರೆ ಹಡಗನ್ನು ಎಳೆಯುವ ಪುಟ್ಟ ಹಡಗು) 366 ಮೀಟರ್‌ನ ಕಂಟೇನರ್ ಹಡಗಿಗೂ ಒಂದೇ ಅಂಕಿ ಹೊಂದುವುದಿಲ್ಲ. ನಿಯಮ ಬಿಟ್ಟಿರುವ ಆ ಜಾಗವನ್ನು ತುಂಬುವುದೇ ವಾಚ್ ಅಧಿಕಾರಿಯ ಕೆಲಸ. ನಿಮ್ಮ ನೋಟ್ಸ್‌ನಲ್ಲಿ ಆ ಜಾಗದ ಸುಳಿವೇ ಇಲ್ಲ. 41 ನಿಯಮಗಳ ಸಂಖ್ಯೆಯನ್ನು ತಡವರಿಸದೆ ಹೇಳುವ ಹುಡುಗನಿಗೆ ‘ಡಿಕ್ಕಿಯ ಅಪಾಯ ಇದೆ ಎಂದು ಹೇಗೆ ತಿಳಿಯುತ್ತೀಯ?’ ಎಂದು ಕೇಳಿದರೆ ‘7ನೇ ನಿಯಮ’ ಎನ್ನುತ್ತಾನೆ. ಅಲ್ಲಿಗೆ ನಿಲ್ಲುತ್ತಾನೆ.

7ನೇ ನಿಯಮ ಹೇಳುವುದು ಇಷ್ಟು: ನಿಮ್ಮತ್ತ ಬರುತ್ತಿರುವ ಹಡಗಿನ ದಿಕ್ಸೂಚಿ ಬೇರಿಂಗ್ (ನಮ್ಮಿಂದ ಅದು ಕಾಣುವ ದಿಕ್ಕಿನ ಡಿಗ್ರಿ) ಗಮನಾರ್ಹವಾಗಿ ಬದಲಾಗದಿದ್ದರೆ ಅಪಾಯವಿದೆ ಎಂದೇ ತಿಳಿಯಿರಿ. ದೂರ ಕಡಿಮೆಯಾಗುತ್ತಾ ಹೋಗಿ ಬೇರಿಂಗ್ ಮಾತ್ರ ಅಲುಗದೆ ನಿಂತಿದ್ದರೆ ಎರಡೂ ಒಂದೇ ಬಿಂದುವಿಗೆ ಒಂದೇ ಹೊತ್ತಿಗೆ ಹೋಗುತ್ತಿವೆ. ಇದನ್ನು ಕಲಿಸಲು ಸಮುದ್ರ ಬೇಕಿಲ್ಲ, ಸಿಮ್ಯುಲೇಟರೂ ಬೇಕಿಲ್ಲ. ಮಂಡ್ಯದ ಯಾವುದೇ ಕಾಲೇಜು ಮೈದಾನದಲ್ಲಿ ಸುಣ್ಣದಿಂದ ಒಂದಕ್ಕೊಂದು ಲಂಬವಾಗಿ ಎರಡು ಗೆರೆ ಎಳೆಯಿರಿ. ಇಬ್ಬರು ಹುಡುಗರು ಗೆರೆಗಳು ಕೂಡುವ ಜಾಗದಿಂದ ಸಮ ದೂರದಲ್ಲಿ ನಿಂತು, ಸೆಕೆಂಡಿಗೊಂದು ಹೆಜ್ಜೆಯಂತೆ ಒಟ್ಟಿಗೆ ನಡೆಯಲಿ. ಒಬ್ಬನ ಕೈಯಲ್ಲಿ ಹ್ಯಾಂಡ್ ಬೇರಿಂಗ್ ದಿಕ್ಸೂಚಿ ಇರಲಿ. ಹತ್ತು ಸೆಕೆಂಡಿಗೊಮ್ಮೆ ಅವನು ಇನ್ನೊಬ್ಬನ ಬೇರಿಂಗ್ ಕೂಗಿ ಹೇಳಲಿ. ಅಂಕಿ ಬದಲಾಗುವುದಿಲ್ಲ, ಇಬ್ಬರೂ ಕೂಡುಬಿಂದುವಿನಲ್ಲಿ ಎದೆಗೆದೆ ತಾಗುತ್ತಾರೆ. ಮುಂದಿನ ಸುತ್ತಿನಲ್ಲಿ ಒಬ್ಬ ನಿಧಾನಿಸಲಿ. ಬೇರಿಂಗ್ ಎತ್ತ ಸರಿಯುತ್ತದೆ, ಯಾರು ಯಾರ ಮುಂದೆ ದಾಟುತ್ತಾರೆ ಎಂಬುದು ಅರ್ಧ ಗಂಟೆಯಲ್ಲಿ ಮೈಗೆ ಹತ್ತುತ್ತದೆ. ನಾವು ನೋಡಿದ ಮಟ್ಟಿಗೆ ನಿಮ್ಮಲ್ಲಿ ಯಾರೂ ಇದನ್ನು ಮಾಡಿಸುತ್ತಿಲ್ಲ.

ಇದೇ ನಿಯಮದ ಎರಡನೆಯ ಅರ್ಧವಂತೂ ನೋಟ್ಸ್‌ನಿಂದ ಪೂರ್ತಿ ಬಿಟ್ಟುಹೋಗಿದೆ. ಬೇರಿಂಗ್ ಬದಲಾಗುತ್ತಿದ್ದರೂ ಅಪಾಯ ಇರಬಹುದು. ತುಂಬ ದೊಡ್ಡ ಹಡಗನ್ನು, ಹಿಂದೆ ಬಾರ್ಜ್ (ಸರಕು ದೋಣಿ) ಎಳೆದುಕೊಂಡು ಹೋಗುವ ಟಗ್ಗನ್ನು ಸಮೀಪಿಸುವಾಗ, ಅಥವಾ ಅಂತರ ಕಡಿಮೆಯಿದ್ದಾಗ. ಲೆಕ್ಕ ಸುಲಭ. 366 ಮೀಟರ್ ಹಡಗು ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್ ದೂರದಲ್ಲಿ ಅಡ್ಡಲಾಗಿ ಕಂಡರೆ ಅದರ ಮೂತಿಗೂ ಬಾಲಕ್ಕೂ ನಡುವೆ ಸುಮಾರು 11 ಡಿಗ್ರಿ ವ್ಯತ್ಯಾಸ. ನೀವು ಬೇರಿಂಗ್ ತೆಗೆಯುವುದು ಆ ಹಡಗಿನ ಹಿಂಭಾಗದ ವಸತಿ ಕಟ್ಟಡದ್ದಾದರೆ ಅದು ಸರಿಯುತ್ತಿದೆ ಎಂದು ನೆಮ್ಮದಿಯಾಗಿರುತ್ತೀರಿ. ಮೂತಿ ನಿಮ್ಮತ್ತಲೇ ಬರುತ್ತಿರುತ್ತದೆ. ಬಾರ್ಜ್ ಎಳೆಯುವ ಟಗ್ಗಿನ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು: ಟಗ್ ದಾಟಿಹೋಯಿತು ಎಂದುಕೊಂಡವನಿಗೆ ಹಿಂದಿನ ಹಗ್ಗ, ಅದರ ಹಿಂದಿನ ಬಾರ್ಜ್ ಇನ್ನೂ ಬರಬೇಕಿರುತ್ತದೆ.

‘ಎಷ್ಟು, ಯಾವಾಗ’ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇವೆ. ನಾಳೆಯೇ ಬೋರ್ಡಿನ ಮೇಲೆ ಬಿಡಿಸಿ. ನಮ್ಮ ಹಡಗು ಉತ್ತರಕ್ಕೆ 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ವೇಗದಲ್ಲಿ ಹೋಗುತ್ತಿದೆ. ಬಲಮುಂದೆ 45 ಡಿಗ್ರಿ ಬೇರಿಂಗ್‌ನಲ್ಲಿ, 8 ನಾಟಿಕಲ್ ಮೈಲಿ ದೂರದಲ್ಲಿ ಇನ್ನೊಂದು ಹಡಗು ಪಶ್ಚಿಮಕ್ಕೆ ಅದೇ 15 ನಾಟ್‌ನಲ್ಲಿ ಬರುತ್ತಿದೆ. ಬೇರಿಂಗ್ ಬದಲಾಗುತ್ತಿಲ್ಲ. ಇಬ್ಬರೂ ಸಮೀಪಿಸುವ ವೇಗ 21 ನಾಟ್ ಚಿಲ್ಲರೆ. ಕೈಯಲ್ಲಿರುವ ಸಮಯ ಇಪ್ಪತ್ತೆರಡೂವರೆ ನಿಮಿಷ. 15ನೇ ನಿಯಮದಂತೆ ದಾರಿ ಬಿಡಬೇಕಾದವರು ನಾವು. 5 ಮೈಲಿ ದೂರವಿದ್ದಾಗ ಬಲಕ್ಕೆ 60 ಡಿಗ್ರಿ ತಿರುಗಿದರೆ ಆ ಹಡಗು ನಮ್ಮ ಎಡಬದಿಯಲ್ಲಿ ಎರಡೂವರೆ ಮೈಲಿ ಅಂತರದಲ್ಲಿ ಹಾದುಹೋಗುತ್ತದೆ. 30 ಡಿಗ್ರಿ ತಿರುಗಿದರೆ ಸುಮಾರು 1.3 ಮೈಲಿ. 10 ಡಿಗ್ರಿ ತಿರುಗಿದರೆ 0.44 ಮೈಲಿ, ಅಂದರೆ 800 ಮೀಟರಿನ ಆಸುಪಾಸು. ಈಗ ಅದೇ 60 ಡಿಗ್ರಿಯನ್ನು 2 ಮೈಲಿ ದೂರದವರೆಗೆ ಮುಂದೂಡಿ ನೋಡಿ: ಅಂತರ ಒಂದೇ ಮೈಲಿಗೆ ಇಳಿಯುತ್ತದೆ. 2 ಮೈಲಿಯಲ್ಲಿ 10 ಡಿಗ್ರಿ ತಿರುಗಿದವನಿಗೆ ಸಿಗುವುದು 320 ಮೀಟರ್ ಚಿಲ್ಲರೆ. ಹಡಗೇ 300 ಮೀಟರ್ ಉದ್ದವಿದ್ದರೆ ಅದನ್ನು ಅಂತರ ಎನ್ನಲಾಗದು. 5 ಮೈಲಿ 2 ಮೈಲಿಯಾಗಲು ಹಿಡಿಯುವುದು ಎಂಟೂವರೆ ನಿಮಿಷ. ಚಾರ್ಟ್ ಟೇಬಲ್ಲಿನ ಹತ್ತಿರ ಹೋಗಿ ಲಾಗ್ ಬುಕ್ ತುಂಬಿ, ಒಂದು ಲೋಟ ಟೀ ಮುಗಿಸುವಷ್ಟು ಹೊತ್ತು. ಈ ಅಂಕಿಗಳು ಹಡಗು ತಕ್ಷಣ ತಿರುಗುತ್ತದೆ ಎಂದುಕೊಂಡು ಹಾಕಿದವು. ನಿಜದಲ್ಲಿ ಇನ್ನೂ ಕಡಿಮೆ ಸಿಗುತ್ತದೆ.

10 ಡಿಗ್ರಿಯ ತಿರುವಿನಲ್ಲಿ ಇನ್ನೊಂದು ಕೇಡಿದೆ. ರಾತ್ರಿ ಎದುರಿನ ಬ್ರಿಜ್‌ನಲ್ಲಿ ನಿಂತವನಿಗೆ ಅದು ಕಾಣುವುದೇ ಇಲ್ಲ. 60 ಡಿಗ್ರಿ ತಿರುಗಿದರೆ ನಮ್ಮ ಎರಡು ಮಾಸ್ಟ್‌ಹೆಡ್ (ಕಂಬದ ಮೇಲಿನ ಬಿಳಿ) ದೀಪಗಳ ನಡುವಿನ ಅಂತರ ಒಮ್ಮೆಗೇ ಬದಲಾಗುತ್ತದೆ, ಬಲಬದಿಯ ಹಸಿರು ದೀಪ ಹೋಗಿ ಎಡಬದಿಯ ಕೆಂಪು ದೀಪ ಬರುತ್ತದೆ. ಅವನು ‘ಸರಿ, ನೋಡಿದ್ದಾನೆ’ ಎಂದು ತನ್ನ ಕೋರ್ಸ್ ಹಿಡಿದು ಮುಂದುವರಿಯುತ್ತಾನೆ. ಐದೈದು ಡಿಗ್ರಿಯಂತೆ ಕದ್ದುಕದ್ದು ತಿರುಗುವವನನ್ನು ಅವನು ನಂಬುವುದು ಹೇಗೆ? ಸಣ್ಣ ಸಣ್ಣ ತಿರುವುಗಳ ಸರಣಿ ಬೇಡ ಎಂದು 8ನೇ ನಿಯಮ ಹೇಳಿರುವುದು ಇದಕ್ಕೇ.

ಎಡಗಡೆಯಿಂದ ಬರುವ ಹಡಗಿನ ವಿಷಯಕ್ಕೆ ಬರೋಣ. ‘ನಾವು ಸುಮ್ಮನಿರಬೇಕು’ ಎಂದು ಬರೆಸಿದ್ದೀರಿ. 17ನೇ ನಿಯಮ ಮೊದಲಿಗೆ ಕೋರ್ಸ್ ಮತ್ತು ವೇಗ ಬದಲಿಸಬೇಡ ಎನ್ನುವುದು ನಿಜ. ಆದರೆ ಅಲ್ಲಿ ಮೂರು ಮೆಟ್ಟಿಲಿವೆ. ಎದುರಿನವನು ಮಾಡಬೇಕಾದ್ದನ್ನು ಮಾಡುತ್ತಿಲ್ಲ ಎಂದು ಸ್ಪಷ್ಟವಾದಾಗ ನಾವು ಕ್ರಮ ಕೈಗೊಳ್ಳಬಹುದು. ಅವನೊಬ್ಬನೇ ಏನು ಮಾಡಿದರೂ ಡಿಕ್ಕಿ ತಪ್ಪದು ಎಂಬಷ್ಟು ಹತ್ತಿರ ಬಂದಾಗ ನಾವು ಕ್ರಮ ಕೈಗೊಳ್ಳಲೇಬೇಕು. ‘ಬಹುದು’ ಮತ್ತು ‘ಲೇಬೇಕು’ ನಡುವಿನ ಆ ಕೆಲವೇ ನಿಮಿಷಗಳಲ್ಲಿ ಅಧಿಕಾರಿಯ ಬುದ್ಧಿ ಪರೀಕ್ಷೆಗೆ ಬೀಳುತ್ತದೆ. ಮೊದಲು ಸಂದೇಹ ಸೂಚಿಸುವ ಐದು ಚಿಕ್ಕ ಸೀಟಿ, ರಾತ್ರಿಯಾದರೆ ಜೊತೆಗೆ ಐದು ಬೆಳಕಿನ ಮಿಂಚು. ಕ್ಯಾಪ್ಟನ್‌ಗೆ ಕರೆ. ಆಟೋಪೈಲಟ್ ಬಿಟ್ಟು ಕೈಚುಕ್ಕಾಣಿ. ಇಂಜಿನ್ ರೂಮಿಗೆ ಸೂಚನೆ. ಆಮೇಲೆ ತಿರುವು, ಸಾಮಾನ್ಯವಾಗಿ ಬಲಕ್ಕೆ. ಎಡಬದಿಯಲ್ಲಿರುವ ಹಡಗಿಗಾಗಿ ಎಡಕ್ಕೆ ತಿರುಗಬೇಡ ಎಂದು ಅದೇ ನಿಯಮ ಎಚ್ಚರಿಸುತ್ತದೆ. ಅವನೂ ಕೊನೆಗಳಿಗೆಯಲ್ಲಿ ಎಚ್ಚೆತ್ತು ಬಲಕ್ಕೆ ತಿರುಗಿದರೆ ಇಬ್ಬರೂ ಒಂದೇ ಕಡೆಗೆ ಬಂದು ಬೀಳುತ್ತಾರೆ. ‘ದಾರಿಯ ಹಕ್ಕು’ ಎಂಬ ಮಾತನ್ನು ನಿಮ್ಮ ನೋಟ್ಸ್ ಧಾರಾಳವಾಗಿ ಬಳಸುತ್ತದೆ. ಅಡ್ಡ ಬರುವ ಹಡಗುಗಳ ನಡುವೆ ಈ ನಿಯಮಗಳು ಯಾರಿಗೂ ಹಕ್ಕು ಕೊಟ್ಟಿಲ್ಲ. ಒಬ್ಬನಿಗೆ ದಾರಿ ಬಿಡುವ ಹೊಣೆ, ಇನ್ನೊಬ್ಬನಿಗೆ ಸ್ಥಿರವಾಗಿರುವ ಹೊಣೆ, ಅಷ್ಟೇ.

ಹಡಗು ಹೇಗೆ ತಿರುಗುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿಯದವನಿಗೆ ಈ ಯಾವ ತೀರ್ಮಾನವೂ ಸಾಧ್ಯವಿಲ್ಲ. ಮಂಡ್ಯದ ಹುಡುಗರಿಗೆ ಕಬ್ಬು ತುಂಬಿದ ಜೋಡಿ ಟ್ರೇಲರ್‌ನ ಟ್ರ್ಯಾಕ್ಟರ್ ಗೊತ್ತು. ತಿರುವಿನಲ್ಲಿ ಅದರ ಹಿಂದಿನ ಗಾಲಿ ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಹಡಗಿನದು ಇದಕ್ಕೆ ತದ್ವಿರುದ್ಧ. ಚುಕ್ಕಾಣಿ ಇರುವುದು ಹಿಂದೆ, ಮುಂದೆ ಸಾಗುವಾಗ ಹಡಗು ತಿರುಗುವ ಬಿಂದು ಮೂತಿಯಿಂದ ಸುಮಾರು ಮೂರನೇ ಒಂದು ಭಾಗದಲ್ಲಿ. ಹಾಗಾಗಿ ಬಲಕ್ಕೆ ತಿರುಗಿಸಿದರೆ ಬಾಲ ಮೊದಲು ಎಡಕ್ಕೆ ಎಸೆಯುತ್ತದೆ. ಬಲಮೂತಿಯ ಬಳಿ ದೋಣಿಯೊಂದು ತೀರ ಹತ್ತಿರ ಕಂಡಿತೆಂದು ಗಾಬರಿಯಲ್ಲಿ ಎಡಕ್ಕೆ ಪೂರ್ತಿ ಚುಕ್ಕಾಣಿ ಹೊಡೆದು ಹಾಗೇ ಹಿಡಿದವನು ಮೂತಿಯನ್ನು ತಪ್ಪಿಸುತ್ತಾನೆ, ಬಾಲದಿಂದ ದೋಣಿಯನ್ನು ಹೊಡೆಯುತ್ತಾನೆ. ಮೂತಿ ದಾಟಿದ ಕೂಡಲೇ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಿ ಬಾಲವನ್ನು ಆಚೆ ಎಸೆಯಬೇಕು. ಇದನ್ನು ಮೇಜಿನ ಮೇಲೆ ಒಂದು ಪೆನ್ಸಿಲ್ ಇಟ್ಟು ತೋರಿಸಬಹುದು. ಹತ್ತು ನಿಮಿಷದ ಪಾಠ.

ನಿಲ್ಲುವ ಲೆಕ್ಕವೂ ಹುಡುಗರಿಗೆ ತಿಳಿದಿರಲಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯಾದ ಐಎಂಒ 2002ರಲ್ಲಿ ಒಪ್ಪಿದ ಚಾಲನಾ ಮಾನದಂಡದ ಪ್ರಕಾರ ಪೂರ್ತಿ ಹಿಂದಕ್ಕೆ ಇಂಜಿನ್ ಕೊಟ್ಟಾಗ ಹಡಗು ಸಾಗುವ ದೂರ ಅದರ ಉದ್ದದ 15 ಪಟ್ಟು ಮೀರಬಾರದು. ತುಂಬ ಭಾರಿ ಹಡಗಿಗೆ ಇದನ್ನೂ 20 ಪಟ್ಟಿನವರೆಗೆ ಸಡಿಲಿಸಬಹುದು. ಪೂರ್ತಿ ಚುಕ್ಕಾಣಿ ಕೊಟ್ಟು ತಿರುಗುವಾಗ ಮುಂದಕ್ಕೆ ಸಾಗುವ ದೂರ ನಾಲ್ಕೂವರೆ ಪಟ್ಟು ಮೀರಬಾರದು. 300 ಮೀಟರ್ ಹಡಗಿಗೆ ಅನ್ವಯಿಸಿದರೆ ನಿಲ್ಲಲು ನಾಲ್ಕೂವರೆ ಕಿಲೋಮೀಟರ್‌ವರೆಗೆ, 90 ಡಿಗ್ರಿ ತಿರುಗಲು 1350 ಮೀಟರ್‌ವರೆಗೆ. ತೆರೆದ ಸಮುದ್ರದಲ್ಲಿ ಬ್ರೇಕಿಗಿಂತ ಚುಕ್ಕಾಣಿಯನ್ನು ನಂಬುವುದು ಇದಕ್ಕಾಗಿ. ಪೂರ್ತಿ ಸಮುದ್ರ ವೇಗದಲ್ಲಿರುವ ನಿಧಾನಗತಿಯ ಡೀಸೆಲ್ ಇಂಜಿನ್ನನ್ನು ಹಿಂದಕ್ಕೆ ತಿರುಗಿಸಬೇಕಾದರೆ ಮೊದಲು ಇಂಧನ ನಿಲ್ಲಿಸಿ, ಸುತ್ತು ಇಳಿಯುವವರೆಗೆ ಕಾದು, ಗಾಳಿಯೊತ್ತಡದಿಂದ ಮತ್ತೆ ಚಾಲೂ ಮಾಡಬೇಕು. ಅಷ್ಟರಲ್ಲಿ ಒಂದು ಮೈಲಿ ಮುಗಿದಿರುತ್ತದೆ. ಇಂಜಿನ್ ಹಿಂದಕ್ಕೆ ಹಿಡಿದ ಮೇಲೆ ಚುಕ್ಕಾಣಿಗೆ ನೀರಿನ ಹರಿವು ಸಿಗದೆ ಅದು ಹೇಳಿದ ಮಾತು ಕೇಳುವುದಿಲ್ಲ. ಬಲಸುತ್ತಿನ ಪ್ರೊಪೆಲ್ಲರ್ ಆಗಿದ್ದರೆ ಬಾಲ ಎಡಕ್ಕೆ ಎಳೆಯುತ್ತದೆ, ಮೂತಿ ಬಲಕ್ಕೆ ಹೋಗುತ್ತದೆ. ಆಳ ಕಡಿಮೆಯಿರುವಲ್ಲಿ ತಿರುವಿನ ಸುತ್ತು ಇನ್ನೂ ದೊಡ್ಡದಾಗುತ್ತದೆ. ಪ್ರತಿ ಹಡಗಿನ ಬ್ರಿಜ್‌ನಲ್ಲೂ ಈ ಅಂಕಿಗಳ ಫಲಕ ತೂಗುಹಾಕಿರುತ್ತಾರೆ. ಹತ್ತಿದ ಮೊದಲ ದಿನವೇ ಅದನ್ನು ನೋಡು ಎಂದು ಹೇಳಿ ಕಳಿಸಿ.

‘ಸಣ್ಣ ದೋಣಿ ದೊಡ್ಡ ಹಡಗಿಗೆ ದಾರಿ ಬಿಡಬೇಕು’ ಎಂಬ ವಾಕ್ಯ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. 18ನೇ ನಿಯಮ ಹೇಳುವುದು ಇದರ ವಿರುದ್ಧ: ಇಂಜಿನ್‌ನಲ್ಲಿ ಸಾಗುವ ಹಡಗು, ಬಲೆ ಹಾಕಿ ಮೀನು ಹಿಡಿಯುವುದರಲ್ಲಿ ತೊಡಗಿರುವ ದೋಣಿಗೆ ದಾರಿ ಬಿಡಬೇಕು. ಕಿರಿದಾದ ಬಂದರು ಕಾಲುವೆ, ಸಂಚಾರ ವಿಭಜನೆಯ ಪಥ ಇಂಥಲ್ಲಿ ಮಾತ್ರ ದೋಣಿ ಅಡ್ಡಿಯಾಗಬಾರದು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗಸ್ಟ್ ಬಂತೆಂದರೆ ಸಮುದ್ರದ ತುಂಬ ದೀಪ. ಟ್ರಾಲ್ (ಎಳೆಬಲೆ) ಎಳೆಯುವ ದೋಣಿಗೆ ಬಿಳಿಯ ಮೇಲೆ ಹಸಿರು, ಬೇರೆ ಬಲೆಯವರಿಗೆ ಬಿಳಿಯ ಮೇಲೆ ಕೆಂಪು ಎಂದು ಪುಸ್ತಕ ಹೇಳುತ್ತದೆ. ಡೆಕ್ಕಿನ ಮೇಲಿನ ಪ್ರಖರ ದೀಪಗಳಲ್ಲಿ ಅವು ಮುಳುಗಿಹೋಗಿ, ದೋಣಿ ಎತ್ತ ಮುಖ ಮಾಡಿದೆ ಎಂಬುದೇ ತಿಳಿಯುವುದಿಲ್ಲ. ಮರದ, ಫೈಬರ್‌ನ ದೋಣಿಗಳು ಅಲೆಯೆದ್ದ ಸಮುದ್ರದಲ್ಲಿ ರಡಾರಿಗೆ ತೀರ ಹತ್ತಿರ ಬಂದ ಮೇಲಷ್ಟೇ ಸಿಗುತ್ತವೆ, ಎಷ್ಟೋ ದೋಣಿಗಳಲ್ಲಿ ಎಐಎಸ್ (ತಾನಿರುವ ಜಾಗವನ್ನು ರೇಡಿಯೋ ಮೂಲಕ ತಿಳಿಸುವ ಉಪಕರಣ) ಇರುವುದಿಲ್ಲ. ಟ್ರಾಲರ್‌ನ ಹಿಂದೆ ನೂರಾರು ಮೀಟರ್ ಬಲೆಯ ತಂತಿ ಇರುತ್ತದೆ, ಬಾಲಕ್ಕೆ ಒತ್ತಿಕೊಂಡು ಹಾಯುವಂತಿಲ್ಲ. ಇಂಥಲ್ಲಿ ದೋಣಿಯವನೇ ಸರಿಯಲಿ ಎಂದು ಕಾಯುವ ಕ್ಯಾಡೆಟ್‌ನನ್ನು ನಾವು ತಯಾರು ಮಾಡಿ ಕಳಿಸಬೇಕೇ? 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಾಚೆ ಆಳ ಸಮುದ್ರದಲ್ಲಿ ಬೇಪೂರಿನ ‘ರಬಾಹ್’ ಎಂಬ ಮೀನುಗಾರಿಕಾ ದೋಣಿಗೂ ‘ಎಪಿಎಲ್ ಲೆ ಹಾವ್ರ್’ ಎಂಬ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕವರು ಇಬ್ಬರು. ಯಾರದು ಎಷ್ಟು ತಪ್ಪು ಎಂದು ನಾವಿಲ್ಲಿ ತೀರ್ಪು ಕೊಡುತ್ತಿಲ್ಲ. ನಮ್ಮದೇ ಕರಾವಳಿಯ ಈ ಘಟನೆಯ ಒಂದು ಸಾಲೂ ನಿಮ್ಮ ನೋಟ್ಸ್‌ನಲ್ಲಿ ಇಲ್ಲ ಎಂಬುದಷ್ಟೇ ನಮ್ಮ ದೂರು.

ವಿಎಚ್‌ಎಫ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕತ್ತಲಲ್ಲಿ ಐದಾರು ಹಡಗುಗಳಿರುವಾಗ ‘ನನ್ನ ಬಲಗಡೆಯ ಹಡಗು’ ಎಂದು 16ನೇ ಚಾನೆಲ್‌ನಲ್ಲಿ ಕರೆದರೆ ಉತ್ತರಿಸುವವನು ಆ ಹಡಗಿನವನೇ ಎಂಬ ಖಾತ್ರಿ ಇಲ್ಲ. ಖಾತ್ರಿಯಾಗುವಷ್ಟರಲ್ಲಿ ತಿರುಗುವ ಹೊತ್ತು ಮೀರಿರುತ್ತದೆ. ಮಾತಿನಲ್ಲೇ ನಿಯಮಕ್ಕೆ ವಿರುದ್ಧವಾದ ಒಪ್ಪಂದ ಮಾಡಿಕೊಂಡು ಕೆಟ್ಟ ಹಡಗುಗಳೂ ಇವೆ. ಆರ್ಪಾ ಒಳ್ಳೆಯ ಯಂತ್ರ, ಆದರೆ ಅದು ಹೇಳುವುದು ಕಳೆದ ಕೆಲವು ನಿಮಿಷಗಳ ಚಲನೆಯ ಲೆಕ್ಕವನ್ನು. ಗುರಿ ಹಿಡಿದ ಮೇಲೆ ಒಂದು ನಿಮಿಷಕ್ಕೆ ಅಂದಾಜು, ಮೂರು ನಿಮಿಷಕ್ಕೆ ಭರವಸೆಯ ಅಂಕಿ. ಎದುರಿನವನು ತಿರುಗುತ್ತಿರುವಾಗ ತೋರುವ ಸಿಪಿಎ ಹಳೆಯದು. ಆರ್ಪಾಕ್ಕೆ ನೀರಿನ ಮೇಲಿನ ವೇಗ ಕೊಡದೆ ಜಿಪಿಎಸ್ ವೇಗ ಕೊಟ್ಟರೆ, ಪ್ರವಾಹವಿರುವಲ್ಲಿ ಎದುರಿನ ಹಡಗಿನ ಮುಖ ಯಾವ ಕಡೆಗಿದೆ ಎಂಬುದೇ ತಪ್ಪಾಗಿ ಕಾಣುತ್ತದೆ; ಎದುರಾಬದುರೋ ಅಡ್ಡಹಾಯುವಿಕೆಯೋ ಎಂಬ ತೀರ್ಮಾನವೂ ಅದರೊಂದಿಗೆ ತಪ್ಪುತ್ತದೆ. ಕಣ್ಣು, ದಿಕ್ಸೂಚಿ, ರಡಾರ್ ಮೂರನ್ನೂ ತಾಳೆ ನೋಡುವ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು.

19ನೇ ನಿಯಮವನ್ನು ನೀವು ‘ಮಂಜಿನ ನಿಯಮ’ ಎಂದು ಹೇಳಿಕೊಟ್ಟಿದ್ದೀರಿ. ಹುಡುಗರು ಅದನ್ನು ಇಂಗ್ಲಿಷ್ ಚಾನೆಲ್‌ನ ಸಂಗತಿ ಎಂದುಕೊಂಡಿದ್ದಾರೆ. ಮುಂಗಾರಿನ ಜಡಿಮಳೆಯಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಎಲ್ಲಿ ಬೇಕಾದರೂ ಈ ನಿಯಮ ಅನ್ವಯವಾಗುತ್ತದೆ. ಹಡಗುಗಳು ಪರಸ್ಪರ ಕಣ್ಣಿಗೆ ಕಾಣದಿರುವಾಗ ದಾರಿ ಬಿಡುವವನು, ಸ್ಥಿರವಾಗಿರುವವನು ಎಂಬ ಭೇದವೇ ಇರುವುದಿಲ್ಲ. ಇಬ್ಬರೂ ಕ್ರಮ ಕೈಗೊಳ್ಳಬೇಕು. ನಮ್ಮ ಅಡ್ಡರೇಖೆಗಿಂತ (ಹಡಗಿನ ನಡುವಿನಿಂದ ನೇರ ಪಕ್ಕಕ್ಕೆ ಎಳೆದ ಗೆರೆ) ಮುಂದಿರುವ ಹಡಗಿಗಾಗಿ, ನಾವು ಅದನ್ನು ಹಿಂದಿಕ್ಕುತ್ತಿದ್ದರೆ ಹೊರತು, ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸಬೇಕು. ಮುಂದೆ ಎಲ್ಲೋ ಮಂಜಿನ ಸೀಟಿ ಕೇಳಿಸಿ, ಅಪಾಯವಿಲ್ಲವೆಂದು ಖಚಿತವಾಗದಿದ್ದರೆ ಚುಕ್ಕಾಣಿ ಹಿಡಿತದಲ್ಲಿರುವಷ್ಟು ಕನಿಷ್ಠ ವೇಗಕ್ಕೆ ಇಳಿಯಬೇಕು. ಮಳೆಯ ಗೋಡೆ 3 ಸೆಂಟಿಮೀಟರ್ ರಡಾರಿನ ಪರದೆಯನ್ನು ತುಂಬಿಬಿಡುತ್ತದೆ. 10 ಸೆಂಟಿಮೀಟರ್‌ನದು ಅದರೊಳಗೂ ಸಾಕಷ್ಟು ಕಾಣುತ್ತದೆ.

ರಡಾರ್ ಇದ್ದೂ ಕೆಟ್ಟದ್ದಕ್ಕೆ ಎಲ್ಲರೂ ಕಲಿಸುವ ಉದಾಹರಣೆ ‘ಆಂಡ್ರಿಯಾ ಡೋರಿಯಾ’. 1956ರ ಜುಲೈ 25ರ ರಾತ್ರಿ ಅಮೆರಿಕದ ನ್ಯಾಂಟಕೆಟ್ ಬಳಿ ಮಂಜಿನಲ್ಲಿ ಸುಮಾರು 22 ನಾಟ್ ವೇಗದಲ್ಲಿ ಸಾಗುತ್ತಿದ್ದ ಈ ಪ್ರಯಾಣಿಕ ಹಡಗು, ಎದುರಿನಿಂದ ಬರುತ್ತಿದ್ದ ‘ಸ್ಟಾಕ್‌ಹೋಮ್’ ಅನ್ನು ರಡಾರಿನಲ್ಲಿ ನೋಡಿಯೇ ಇತ್ತು. ನೋಡಿದ್ದನ್ನು ಕಾಗದದ ಮೇಲೆ ಪ್ಲಾಟ್ ಮಾಡಲಿಲ್ಲ. ಅಂತರ ಹೆಚ್ಚಿಸಲೆಂದು ಎಡಕ್ಕೆ ತಿರುಗಿದ್ದು ನಾಲ್ಕೇ ಡಿಗ್ರಿ. ಸ್ಟಾಕ್‌ಹೋಮ್ ಬಲಕ್ಕೆ ತಿರುಗಿತು. ಕೊನೆಗೆ ಆಂಡ್ರಿಯಾ ಡೋರಿಯಾ ಪೂರ್ತಿ ಎಡಕ್ಕೆ ತಿರುಗುತ್ತಾ ತನ್ನ ಬಲಮಗ್ಗುಲನ್ನೇ ಅದರ ಮೂತಿಗೆ ಒಡ್ಡಿತು. 51 ಜನ ಸತ್ತರು. ನಾವು ಮೇಲೆ ಬರೆದ ಸಣ್ಣ ತಿರುವು, ಎಡ ತಿರುವು, ಅತಿ ವೇಗ, ಅಲ್ಪ ಮಾಹಿತಿಯ ಮೇಲಿನ ಊಹೆ ನಾಲ್ಕೂ ಆ ಒಂದೇ ರಾತ್ರಿಯಲ್ಲಿವೆ. 2017ರ ಜೂನ್ 17ರಂದು ಜಪಾನ್ ಬಳಿ ಅಮೆರಿಕದ ಯುದ್ಧನೌಕೆ ‘ಫಿಟ್ಸ್‌ಜೆರಾಲ್ಡ್’ ಮತ್ತು ಕಂಟೇನರ್ ಹಡಗು ‘ಎಸಿಎಕ್ಸ್ ಕ್ರಿಸ್ಟಲ್’ ಡಿಕ್ಕಿಯಲ್ಲಿ 7 ನಾವಿಕರು ಸತ್ತರು. ಹಡಗುಗಳಿದ್ದದ್ದು ಬಲಗಡೆ, ಯುದ್ಧನೌಕೆಯ ಲುಕ್‌ಔಟ್ (ಕಣ್ಗಾವಲು) ಇದ್ದದ್ದು ಎಡಗಡೆ ಮಾತ್ರ. ಕಮಾಂಡಿಂಗ್ ಅಧಿಕಾರಿಯನ್ನು ಕರೆಯಲಿಲ್ಲ ಎಂದು ಆ ನೌಕಾಪಡೆಯ ವರದಿಯೇ ಹೇಳಿತು. ನಿಮ್ಮ ಜಿಪಿ ರೇಟಿಂಗ್ ವಿದ್ಯಾರ್ಥಿಗಳು ನಾಳೆ ಮಾಡುವ ಕೆಲಸ ಇದೇ ಲುಕ್‌ಔಟ್. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ಸಿಕ್ಕಿರುವುದು ಒಂದು ಅಂಕ. ಕಂಡದ್ದನ್ನು ಯಾವ ದಿಕ್ಕು, ಯಾವ ಬಣ್ಣ, ಸರಿಯುತ್ತಿದೆಯೋ ಇಲ್ಲವೋ ಎಂದು ಕೂಗಿ ಹೇಳುವುದು, ಅಧಿಕಾರಿ ‘ಕೇಳಿಸಿತು’ ಎನ್ನುವವರೆಗೆ ಬಿಡದಿರುವುದು, ಇವಕ್ಕೆ ಅಭ್ಯಾಸ ಬೇಕು.

ಕಣ್ಣಿನ ಮಾತು ಬಂದಾಗ ಇನ್ನೊಂದನ್ನು ನೇರವಾಗಿ ಹೇಳಬೇಕು. ಕೆಂಪು ಹಸಿರು ಬೇರೆಯಾಗಿ ಕಾಣದವನಿಗೆ ಡೆಕ್ ವಿಭಾಗದಲ್ಲಿ ಜಾಗವಿಲ್ಲ. ಪಕ್ಕದೀಪಗಳ ಬಣ್ಣದ ಮೇಲೆಯೇ ರಾತ್ರಿಯ ಎಲ್ಲ ತೀರ್ಮಾನ ನಿಂತಿದೆ. ಬಣ್ಣಗುರುಡು ಪರೀಕ್ಷೆ ಕೆಲವೇ ನಿಮಿಷದ್ದು. ಅದನ್ನು ಮಾಡಿಸದೆ ವರ್ಷದ ಶುಲ್ಕ ಪಡೆದು, ಕೊನೆಗೆ ಡಿಜಿ ಶಿಪ್ಪಿಂಗ್ (ಕೇಂದ್ರದ ಹಡಗು ಸಾರಿಗೆ ಮಹಾನಿರ್ದೇಶನಾಲಯ) ಮಾನ್ಯತೆಯ ವೈದ್ಯರ ಎದುರು ಹುಡುಗ ಬಿದ್ದುಹೋದಾಗ ‘ನಮ್ಮ ಕೈಯಲ್ಲಿಲ್ಲ’ ಎನ್ನುವುದು ನ್ಯಾಯವಲ್ಲ. ಆ ಶುಲ್ಕಕ್ಕಾಗಿ ಒಡವೆ ಅಡವಿಟ್ಟ ಮನೆಗಳಿವೆ.

ಆದ್ದರಿಂದ ನಮ್ಮ ಕೋರಿಕೆಗಳು ಹೀಗಿವೆ. ಪ್ರವೇಶಕ್ಕೆ ಮೊದಲೇ ಬಣ್ಣದೃಷ್ಟಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಾಲಕರಿಗೆ ಬರಹದಲ್ಲಿ ಕೊಡಿ, ಆಮೇಲೆ ಶುಲ್ಕ ಪಡೆಯಿರಿ. ‘ಸಣ್ಣ ದೋಣಿ ದಾರಿ ಬಿಡಬೇಕು’ ಮತ್ತು ‘ದಾರಿಯ ಹಕ್ಕು’ ಇರುವ ಪುಟಗಳನ್ನು ಈಗಿನ ವಿದ್ಯಾರ್ಥಿ ತಂಡದಿಂದಲೇ ಹಿಂತೆಗೆದುಕೊಳ್ಳಿ. ಈಗಾಗಲೇ ಹಂಚಿದ್ದರೆ ತಿದ್ದುಪಡಿ ಕಳಿಸಿ. ಮೈದಾನದ ಬೇರಿಂಗ್ ಅಭ್ಯಾಸಕ್ಕೆ ಎರಡು ಸಂಜೆ ಮೀಸಲಿಡಿ. ಕತ್ತಲ ಕೋಣೆಯೊಂದರಲ್ಲಿ ಮರದ ಚೌಕಟ್ಟಿಗೆ ಎರಡು ಬಿಳಿ, ಒಂದು ಕೆಂಪು, ಒಂದು ಹಸಿರು ಬಲ್ಬ್ ಕಟ್ಟಿ ತಿರುಗಿಸುತ್ತಾ ‘ಈಗ ಹಡಗು ಎತ್ತ ಹೋಗುತ್ತಿದೆ?’ ಎಂದು ಕೇಳಿ. ಮಾಸ್ಟ್‌ಹೆಡ್ ದೀಪದ ಹರವು 225 ಡಿಗ್ರಿ, ಪಕ್ಕದೀಪದ್ದು 112.5, ಹಿಂದಿನದ್ದು 135 ಎಂದು ಬಾಯಿಪಾಠ ಮಾಡಿದವನಿಗೂ ಈ ಕೋಣೆಯಲ್ಲಿ ಮೊದಲ ಸಲ ತಬ್ಬಿಬ್ಬಾಗುತ್ತದೆ. ಆಗಲಿ. ರಡಾರ್ ಪ್ಲಾಟಿಂಗ್ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಪೆನ್ಸಿಲ್, ಸ್ಕೇಲ್, ಡಿವೈಡರ್ ಕೊಟ್ಟು ಮೂರು ಮತ್ತು ಆರು ನಿಮಿಷದ ಅಂತರದ ಬಿಂದುಗಳಿಂದ ಸಿಪಿಎ ತೆಗೆಯುವುದನ್ನು ಪ್ರತಿ ವಾರ ಮಾಡಿಸಿ. ಆರು ನಿಮಿಷ ಗಂಟೆಯ ಹತ್ತನೇ ಒಂದು ಪಾಲು. ಅಷ್ಟರಲ್ಲಿ ಸಾಗಿದ ಮೈಲಿಯನ್ನು ಹತ್ತರಿಂದ ಗುಣಿಸಿದರೆ ನಾಟ್ ಸಿಕ್ಕಿತು. ಗಣಿತದಲ್ಲಿ ಹಿಂದಿರುವ ಹುಡುಗರೂ ಇದನ್ನು ಒಂದು ವಾರದಲ್ಲಿ ಹಿಡಿಯುತ್ತಾರೆ.

ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಆಜ್ಞೆಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಅಭ್ಯಾಸ ಮಾಡಿಸಿ. ಬ್ರಿಜ್‌ನಲ್ಲಿ ‘ಸ್ಟಾರ್‌ಬೋರ್ಡ್ ಟ್ವೆಂಟಿ’, ‘ಮಿಡ್‌ಶಿಪ್ಸ್’, ‘ಸ್ಟೆಡಿ’ ಎಂದೇ ಕೂಗುತ್ತಾರೆ, ಕೇಳಿದವನು ಅದನ್ನೇ ಮರುನುಡಿಯಬೇಕು. ಆದರೆ ಬೇರಿಂಗ್ ಯಾಕೆ ನಿಲ್ಲುತ್ತದೆ ಎಂಬುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಕನ್ನಡದಲ್ಲಿ ಅರ್ಥವಾದರೆ ಸಾಕು. ಹಾಗೆಯೇ ನಿಮ್ಮ ಜಾಹೀರಾತಿನಲ್ಲಿ ಸಂಬಳದ ಅಂಕಿಯ ಪಕ್ಕದಲ್ಲಿ, ನಿಮ್ಮದು ಪ್ರವೇಶ ಕೋಚಿಂಗ್ ಮಾತ್ರವೋ ಅಥವಾ ಡಿಜಿ ಶಿಪ್ಪಿಂಗ್ ಮಾನ್ಯತೆ ಪಡೆದ ಕೋರ್ಸೋ ಎಂಬುದನ್ನು ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಹುಡುಗರನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯ ಆರ್‌ಪಿಎಸ್ (ನೇಮಕಾತಿ ಸೇವೆ) ಪರವಾನಗಿಯನ್ನು ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ನೋಡಿಕೊಳ್ಳುವುದು ಹೇಗೆಂದು ಪಾಲಕರಿಗೆ ತೋರಿಸಿ.

ಇದಕ್ಕೆಲ್ಲ ದುಬಾರಿ ಸಲಕರಣೆ ಬೇಕಿಲ್ಲ. ಒಂದೆರಡು ಹ್ಯಾಂಡ್ ಬೇರಿಂಗ್ ದಿಕ್ಸೂಚಿ, ನಾಲ್ಕು ಬಲ್ಬ್, ಒಂದು ಕಟ್ಟು ಕಾಗದ ಸಾಕು. ಬೋಧಕರಿಗೆ ಸಮಯ ಸಾಲದು ಎನ್ನುವ ಸಂಸ್ಥೆಗಳಲ್ಲಿ ಭಾನುವಾರದ ತರಗತಿಗಳನ್ನು ನಾವು ಸಂಭಾವನೆಯಿಲ್ಲದೆ ತೆಗೆದುಕೊಳ್ಳಲು ಸಿದ್ಧರಿದ್ದೇವೆ. ಮುಂದಿನ ತಂಡದ ಪ್ರವೇಶ ಆರಂಭವಾಗುವ ಮೊದಲು ತಿದ್ದಿದ ನೋಟ್ಸ್ ವಿದ್ಯಾರ್ಥಿಗಳ ಕೈ ಸೇರಬೇಕೆಂದು ಕೋರುತ್ತೇವೆ.

ಇತಿ,
ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಹಡಗು ಅಧಿಕಾರಿಗಳು